ಹನ್ನೊಂದು ದಿನದ ರಜೆ

ರಜಾ ಅರ್ಜಿಯಲ್ಲಿ 'ಕಾರಣ' ಅಂತೊಂದು ಗೆರೆ.
ಇಪ್ಪತ್ತಾರು ವರ್ಷದಲ್ಲಿ ಅಲ್ಲಿ ಬರೆದದ್ದು
ಜ್ವರ, ಅಪ್ಪನ ತಿಥಿ, ಇಂದ್ರಾಣಿಯ ಹೆರಿಗೆ, ಮತ್ತೆ ಜ್ವರ.
ಈ ಸಲ 'ಪ್ರವಾಸ' ಅಂತ ಬರೆದು
ಒಂದು ಗಳಿಗೆ ಪೆನ್ನು ಎತ್ತಿ ಹಿಡಿದೆ,
ಸುಳ್ಳು ಬರೆದವನ ಹಾಗೆ.

ಸಿಂಚನ ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ
ಮೂರು ಗೀಟು ಎಳೆದಿದ್ದಾಳೆ:
ಅಂಡಮಾನ್, ವಯನಾಡು, ಲಂಕೆ.
ಗೀಟಿನ ಕೆಳಗೆ ರೈಲು, ವಿಮಾನ, ಊಟ, ಜಿಗಣೆ.
ಲಂಕೆಗೆ ಪಾಸ್‌ಪೋರ್ಟ್ ಬೇಕು ಅಂದಾಗ
ಇಂದ್ರಾಣಿ ಒಗ್ಗರಣೆ ಕಡೆಗೆ ತಿರುಗಿ
"ಹನುಮಂತನ್ನ ಯಾರು ಕೇಳಿದ್ರು?" ಅಂದಳು.
ನಕ್ಕು ನಕ್ಕು ಆ ಕಾಲಮ್ಮು ಅಳಿಸಿಹೋಯಿತು.

ಉಳಿದದ್ದು ಎರಡು. ಕಾಡು, ಕಡಲು.

ಕಾಡು ಅಂದರೆ ನನಗೆ ಬೆಳಗಿನ ಆರೂವರೆ:
ಕಾಟಿಯ ತೊಟ್ಟಿ ಉಜ್ಜುವುದು,
ಕರಡಿಗೆ ರಾಗಿ ಗಂಜಿ, ಜೇನು ಒಂದು ಚಮಚ,
ನೀರಾನೆಯ ಬಾಯಿಗೆ ಇಡೀ ಕುಂಬಳಕಾಯಿ.
ಮಂಗಳವಾರ ಝೂಗೆ ರಜೆ ಅಂತಾರೆ;
ರಜೆ ಜನಕ್ಕೆ, ಹೊಟ್ಟೆಗಳಿಗಲ್ಲ.
ದುಡ್ಡು ಕೊಟ್ಟು, ಜೀಪು ಹತ್ತಿ,
ಬಾಲದ ತುದಿ ಕಂಡರೆ ಉಸಿರು ಬಿಗಿಹಿಡಿಯುವವರ ನಡುವೆ
ನಾನೇನು ನೋಡಲಿ?
ಲದ್ದಿ ಕಂಡರೆ ಕೈ ಸಲಿಕೆ ಹುಡುಕುತ್ತದೆ.

ಇಲ್ಲ, ಅದೂ ಪೂರ್ತಿ ನಿಜವಲ್ಲ.
ಇಲ್ಲಿ ಬಕೆಟ್ಟು ಅಲ್ಲಾಡಿಸಿದರೆ
ಎಂಟು ಜೊತೆ ಕಿವಿ ನನ್ನ ಕಡೆ ತಿರುಗುತ್ತವೆ.
ಅಲ್ಲಿ ಒಂದು ಕಾಟಿ ತಲೆಯೆತ್ತಿ
ಮರ ನೋಡಿದ ಹಾಗೆ ನನ್ನನ್ನು ನೋಡಿ
ಮತ್ತೆ ಮೇಯತೊಡಗಿದರೆ?

ಕಡಲಿನ ವಿಷಯ ನನಗೆ ಗೊತ್ತಿರುವುದು
ಐಸಿನ ಮೇಲೆ ಮಲಗಿದ ಬಂಗುಡೆಯಷ್ಟೆ.
ಪಕ್ಷಿ ವಿಭಾಗದ ಅಂತೋಣಿ ಹೋಗಿ ಬಂದವನು.
"ಉಪ್ಪು, ಬಿಸಿಲು, ಎಳನೀರಿಗೆ ಬಾಯಿಗೆ ಬಂದ ರೇಟು.
ಮದ್ದೂರಲ್ಲಿ ಇಳಿದು ಕುಡಿದೇ ಹೋಗು" ಅಂದ.
ಮಗಳ ಫೋನಿನಲ್ಲಿ ಆ ನೀರು
ಶಾಯಿಯ ಮೊದಲ ಹನಿ ಬಿದ್ದ ಲೋಟದ ಹಾಗೆ.
"ಆಮೆ ದಡಕ್ಕೆ ಬಂದು ಮೊಟ್ಟೆ ಇಡುತ್ತಂತೆ ಅಪ್ಪ,
ಬೆಳಗಾಗೋದ್ರೊಳಗೆ ವಾಪಸ್ಸಂತೆ."
ಕಾಯೋದು ಯಾರು, ಕೇಳಿದೆ.
"ಯಾರೂ ಇಲ್ಲ."
ಆ ಉತ್ತರ ಇಡೀ ದಿನ
ಅಂಗಿಗೆ ಅಂಟಿದ ಉತ್ತರಾಣಿ ಕಡ್ಡಿಯ ಹಾಗೆ ಜೊತೆಗೇ ಬಂತು.

ಇಂದ್ರಾಣಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ.
ಹುಣಸೂರಿನ ಆಚೆ ಹುಟ್ಟಿದವಳು, ಹಸಿರೇ ಬೇಕೆನ್ನುತ್ತಾಳೆ
ಅಂತ ನಾನೇ ಅವಳ ಪರವಾಗಿ ಬರೆದುಕೊಂಡಿದ್ದೆ.
ಅವಳು ಹುರಳಿಕಾಳು ಆರಿಸುತ್ತ, ತಲೆಯೆತ್ತದೆ,
"ಸಿಂಹ ಕೇಳಿಸದ ಕಡೆ" ಅಂದಳು.

ಇಟ್ಟಿಗೆಗೂಡಿನ ಈ ಬೀದಿಗೆ
ನಸುಕಿನ ನಾಲ್ಕಕ್ಕೆ ಗೋಡೆಯಾಚೆಯಿಂದ ಬರುತ್ತದೆ ಆ ಸದ್ದು.
ಹೊಸ ಬಾಡಿಗೆಯವರು ಎದ್ದು ಕೂರುತ್ತಾರೆ,
ನಾವು ಮಗ್ಗುಲು ಬದಲಿಸುತ್ತೇವೆ,
ನಾನು ಹಾಗಂತಲೇ ತಿಳಿದಿದ್ದೆ.
"ಮದುವೆಯಾದ ಹೊಸತರಲ್ಲಿ ಹೆದರಿಕೆ.
ಆಮೇಲೆ, ನಿಮ್ಮದು ಯಾವ ಪಾಳಿ,
ಬಾಗಿಲು ಹಾಕಿ ಬಂದಿದ್ದೀರೋ ಇಲ್ಲವೋ, ಅದರ ಲೆಕ್ಕ.
ಈಗ ಹೆದರಿಕೆ ಹೋಗಿದೆ,
ಎಚ್ಚರ ಮಾತ್ರ ಉಳಿದುಬಿಟ್ಟಿದೆ.
ಒಂದು ರಾತ್ರಿ ಪೂರ್ತಿ ಮಲಗಬೇಕು ನಂಗೆ."
ಆರಿಸಿದ ಕಲ್ಲು, ಹೊಟ್ಟು ಎಲ್ಲವನ್ನೂ
ವಯನಾಡಿನ ಗೀಟಿನ ಮೇಲೆ ಸುರಿದಳು.

ಸಿಂಚನ ವಿಮಾನದ ದರ ನೋಡುತ್ತಿದ್ದಾಳೆ,
ನೋಡಿದಷ್ಟೂ ಏರುತ್ತಿದೆ.
ನಾನು ಬದಲಿಗೆ ಬರುವ ಮಾದೇಶನಿಗೆ ಚೀಟಿ ಬರೆಯುತ್ತಿದ್ದೇನೆ:
ಮುದಿ ಕರಡಿಗೆ ಗಂಜಿ ಆರಿಸಿ ಕೊಡು.
ಎಡಗಡೆಯ ಚಿಲಕ ಎರಡು ಸಲ ನೋಡು.
ಜೇನು ಒಂದೇ ಚಮಚ; ಇನ್ನೂ ಕೇಳುತ್ತೆ, ಕೊಡಬೇಡ.
ಓದಿ ನೋಡಿ
ಕೊನೆಯ ಎರಡು ಪದ ಹೊಡೆದು ಹಾಕಿದೆ.

ಅವಳಿಗೆ ಒಂದು ಮಾತು ಹೇಳಲಿಲ್ಲ.
ಆ ದ್ವೀಪದಲ್ಲಿ, ನಸುಕಿನ ನಾಲ್ಕಕ್ಕೆ,
ಏನೂ ಕೇಳಿಸದ್ದಕ್ಕೇ
ಇಬ್ಬರೂ ಎದ್ದು ಕೂತರೆ?
ಅಲೆ ಇರುತ್ತದಂತೆ, ರಾತ್ರಿಯಿಡೀ.
ಅದಕ್ಕೆ ಯಾರು ಊಟ ಹಾಕುತ್ತಾರೋ.