ಹಸಿಯೂ ಅಲ್ಲ, ಒಣವೂ ಅಲ್ಲ

ಅಯ್ಯನಕೆರೆಗೆ ಹೊರಟಾಗ
ಟೆಂಟು ಒಂದು ಚೀಲ, ಒಲೆ ರವೆ ಈರುಳ್ಳಿ ಒಂದು ಚೀಲ,
ಶಾಂಭವಿಯ ಲಂಗೋಟಿ ಎರಡು ಚೀಲ.
ಭಾವನ ಓಮ್ನಿಯ ಹಿಂಬಾಗಿಲು ಒತ್ತಿ ಹಾಕುತ್ತ
ಪಂಚಾಕ್ಷರಿ ಅಂದ:
‘ಎರಡು ರಾತ್ರಿಗೆ ಇಪ್ಪತ್ತೆರಡು ಬಟ್ಟೆ!
ಅಂಗಡೀದು ಒಂದು ಪ್ಯಾಕೆಟ್ ಸಾಕಿತ್ತು ಕಣೇ.’

ಸಾಕಿತ್ತು.
ಆದರೆ ನಾನು ಕಡೂರು ಪುರಸಭೆಯಲ್ಲಿ
ಕಸದ ಗಾಡಿಗಳ ಲೆಕ್ಕ ಬರೆಯುವವಳು.
ಹಸಿ ಕಸಕ್ಕೊಂದು ಕಾಲಂ, ಒಣ ಕಸಕ್ಕೊಂದು,
ಆ ಬಿಳಿ ಗಂಟುಗಳು ಬಂದಾಗ ಪೆನ್ನು ನಿಲ್ಲುತ್ತದೆ.
ಹಸಿಯೂ ಅಲ್ಲ, ಒಣವೂ ಅಲ್ಲ.
‘ಮೇಡಂ, ಎಲ್ಲಿ ಸುರೀಲಿ?’ ಅನ್ನುತ್ತಾನೆ ಗಾಡಿಯ ರುದ್ರೇಶಿ.
ಮೂರು ವರ್ಷದಿಂದ ಅನ್ನುತ್ತಿದ್ದಾನೆ.

ಹಾಗಾಗಿ ಬಟ್ಟೆ.
ಟಕ್ಕನೆ ಗುಂಡಿ ಒತ್ತುವ ಹೊಸ ನಮೂನೆಯವು ಎಂಟು,
ಮೈಮೇಲೆ ಆನೆ, ಮೀನು, ಕಲ್ಲಂಗಡಿ;
ಉಳಿದವು ಪಂಚಾಕ್ಷರಿಯ ಪಂಚೆ ಹರಿದು ಮಡಚಿದವು,
ಒಂದರ ಅಂಚಿನಲ್ಲಿ ಇನ್ನೂ ಮದುವೆಯ ಅರಿಶಿನ.

ಮೊದಲ ದಿನ ನಾನು ಗೆದ್ದೆ.
ನೀರಿನಿಂದ ನೂರು ಹೆಜ್ಜೆ ಎಣಿಸಿ
ಜಾಲಿ ಗಿಡದಾಚೆ ಮೊಣಕೈ ಆಳ ತೋಡಿ
ಕೊಳೆ ನೀರೆಲ್ಲ ಅಲ್ಲಿಗೆ.
ಬಕೆಟ್ಟು ಹೊತ್ತವನು ಅವನು, ಒಗೆದವಳು ನಾನು,
ಬೆರಳ ಸಂದಿಯಲ್ಲಿ ಅಂಟುವಾಳದ ನೊರೆ.
ಶಕುನಗಿರಿ ಕಡೆಯಿಂದ ಇಳಿದ ಗಾಳಿ
ಹಗ್ಗದ ಮೇಲಿನ ಆನೆ ಮೀನುಗಳನ್ನು
ಗಂಟೆಯೊಳಗೆ ಹಪ್ಪಳ ಮಾಡಿತು.
‘ನಮ್ಮ ಟೆಂಟು ಹಾಯಿ ಬಿಚ್ಚಿದ ಹಡಗು’ ಎಂದೆ.
‘ಪಂಚಾಯ್ತಿ ಎಲೆಕ್ಷನ್ನು’ ಎಂದ ಅವನು.

ರಾತ್ರಿಯ ಲೆಕ್ಕ ಬೇರೆ.
ಏಳು ತಿಂಗಳ ಮೈಯಲ್ಲಿ ಅಷ್ಟು ನೀರು ಎಲ್ಲಿತ್ತು!
ಒಂದೂವರೆಗೆ ಒಂದು, ಎರಡೂಕಾಲಿಗೆ ಒಂದು,
ಮೂರಕ್ಕೆ ಹಾಸಿಗೆ ಸಮೇತ.
ಟಾರ್ಚು ಹಲ್ಲಲ್ಲಿ ಕಚ್ಚಿ ಗುಂಡಿ ಹುಡುಕುವಾಗ
ಅವಳು ನಗುತ್ತಾಳೆ
ಸೂರ್ಯ ಅಮ್ಮನ ಬಾಯೊಳಗೇ ಹುಟ್ಟಿದನೆಂದು.

ಬೆಳಿಗ್ಗೆ ಮಂಜು.
ಹಗ್ಗದ ಮೇಲಿನ ಹದಿನಾಲ್ಕೂ
ಮುಟ್ಟಿದರೆ ತಣ್ಣಗೆ, ಹಿಂಡಿದರೆ ಹನಿ ಇಲ್ಲ.
ಹಸಿಯೂ ಅಲ್ಲ—
ಬೇಡ, ಆ ಮಾತು ಕಚೇರಿಗಿರಲಿ.
ಪಂಚಾಕ್ಷರಿ ಒಂದನ್ನು ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡ,
ಇನ್ನೊಂದನ್ನು ಉಪ್ಪಿಟ್ಟಿನ ಮುಚ್ಚಳಕ್ಕೆ ಹಾಸಿದ.
ಈರುಳ್ಳಿ ವಾಸನೆಯ ಮೀನು.
ಪ್ಯಾಕೆಟ್ಟಿನ ಸುದ್ದಿ ಎತ್ತಲೇ ಇಲ್ಲ.
ಎತ್ತಿದ್ದರೆ
ಜಗಳವಾಡಿಯಾದರೂ ಬೆಚ್ಚಗಾಗಬಹುದಿತ್ತು.

ಆಗ ಕುರಿ ಬಂದವು, ಹಿಂದೆ ಹೆಗಲಿಗೆ ಕಂಬಳಿ,
ಕಂಬಳಿಯ ಹಿಂದೆ ಮೈಲಾರಮ್ಮ.
ಹಗ್ಗ ನೋಡಿದಳು, ಮಗು ನೋಡಿದಳು,
ಕಲ್ಲಂಗಡಿಯ ಗುಂಡಿ ಒತ್ತಿದಳು ಟಕ್, ಬಿಚ್ಚಿದಳು ಟಕ್,
ಮತ್ತೆ ಟಕ್,
ಆಮೇಲೆ ತನ್ನ ಟಗರನ್ನು ಕೊಂಬು ಹಿಡಿದು ಎಳೆತಂದಳು.
ಅದರ ಹೊಟ್ಟೆಯಡಿ ಗೊಬ್ಬರ ಚೀಲದ ತುಂಡು,
ಬೆನ್ನ ಮೇಲೆ ದಾರದ ಗಂಟು.
‘ಹೊತ್ತಲ್ಲದ ಹೊತ್ತಲ್ಲಿ ಮರಿ ಬೀಳಬಾರ್ದು ಅಂತ ನಾವು ಕಟ್ತೀವಿ.
ನಿಮ್ಮದರ ಗುಂಡಿ ಚೆನ್ನಾಗೈತೆ.
ಟಗರಿನ ಅಳತೇದು ಸಿಗ್ತಾವಾ?’

ಪಂಚಾಕ್ಷರಿ ಉಪ್ಪಿಟ್ಟು ಸೀಯಲು ಬಿಟ್ಟು ನಕ್ಕ.
ಟಗರು ನಗಲಿಲ್ಲ.
ಅವಳು ಮಾತ್ರ ಜಾಲಿಯಾಚೆ ಹೋಗಿ
ನನ್ನ ಗುಂಡಿಯನ್ನು ಇಣುಕಿ ನೋಡಿ ಬಂದಳು.
‘ಕೆರೆಗೆ ಬಿಡಲಿಲ್ಲ ತಾನೆ? ನಾವು ಕುಡಿಯೋದು ಇದೇ.’
ಏನೂ ಹೇಳದೆ ಇನ್ನಷ್ಟು ಮಣ್ಣು ಕಾಲಿಂದ ದೂಡಿದಳು.
ಹೊರಡುವಾಗ:
‘ಹಗ್ಗ ಬಿಡ್ರಿ, ಏರಿ ಕಲ್ಲಿಗೆ ಹಾಸ್ರಿ,
ಬಿಸಿಲು ಮೊದಲು ಬೀಳೋದು ಅಲ್ಲೇ.’

ಹಾಸಿದೆವು. ಹತ್ತು ಗಂಟೆಗೆ ಕಲ್ಲು ಬಿಸಿ, ಬಟ್ಟೆ ಗರಿಗರಿ,
ಶಾಂಭವಿ ಅವುಗಳ ನಡುವೆ ಬರಿಮೈಯಲ್ಲಿ ಬೋರಲು ಬಿದ್ದು
ಲೆಕ್ಕಕ್ಕೆ ಇನ್ನೊಂದು ಸೇರಿಸಿದಳು.

ಸಂಜೆ ಅವನು ಎಣಿಸಿ ಚೀಲಕ್ಕೆ ತುಂಬುತ್ತಿದ್ದ.
ಕೆರೆಯ ಆಚೆ ದಡದಲ್ಲಿ ಕುರಿಗಳ ಧೂಳು,
ಧೂಳಿನಲ್ಲಿ ಯಾವುದೋ ಹೊಟ್ಟೆಯಡಿ
ಅಂಗೈಯಗಲ ಕೆಂಪು.
‘ಇಪ್ಪತ್ತೊಂದು’ ಎಂದ, ಮತ್ತೆ ಎಣಿಸಲು ಸುರುವಿದ.
‘ಸರಿಯಾಗಿದೆ’ ಎಂದೆ.