ಎಡಗಡೆಯ ಬುಷ್

ಬಾನೆಟ್ಟಿನ ಮೂಲೆಗೆ ಎರಡೂ ಅಂಗೈ ಊರಿ
ಒಮ್ಮೆ ಅದುಮಿ ಬಿಟ್ಟರು ಮಹಾನಂದಾ ಮೇಡಂ.
ಒಳ್ಳೆ ಗಾಡಿ ಒಂದೂವರೆ ಸಲ ತಲೆದೂಗಿ ಸುಮ್ಮನಾಗಬೇಕು.
ಅಸೈನಾರ್ ಕಾಕನ ಜೀಪು
ಹೌದು ಹೌದು ಹೌದು ಹೌದು ಅಂತ
ಕೇಳದ ಪ್ರಶ್ನೆಗೂ ಒಪ್ಪಿಕೊಳ್ಳುತ್ತಲೇ ಇತ್ತು.

ಮಡಿಕೇರಿ, ಎಫ್‌ಸಿ ಮೈದಾನ, ಬೆಳಗಿನ ಹತ್ತು.
ಮಂಜು ಇನ್ನೂ ನಂಬರ್ ಪ್ಲೇಟುಗಳನ್ನು ಬಿಟ್ಟುಕೊಟ್ಟಿರಲಿಲ್ಲ.
ಸಾಲಿನಲ್ಲಿ ಎರಡು ಪಿಕಪ್ಪು, ಒಂದು ಶಾಲೆ ವ್ಯಾನು,
ಹಂದಿ ಸಾಗಿಸುವ ಒಂದು ಆಪೆ,
ಎಲ್ಲಕ್ಕೂ ಹೊಸ ರೇಡಿಯಂ ಸ್ಟಿಕ್ಕರು, ಹಳೆಯ ಹೊಟ್ಟೆ.

ಮೇಡಂ ಬಗ್ಗಿ ಟಾಮಿ ರಾಡು ತೂರಿಸಿ ಮೀಟಿದರು.
ಟಕ್. ಟಕ್.
"ಏನ್ರಿ ಮೇಸ್ತ್ರಿ, ಬಲಗಡೀದು ಗಟ್ಟಿ ಐತಿ,
ಎಡಗಡೀ ಬುಷ್ ಒಂದೂ ಉಳದಿಲ್ಲ.
ಈ ಊರಾಗಿನ ಗಾಡಿಗೆಲ್ಲಾ ಎಡಗಾಲ ಯಾಕ್ ಕುಂಟತೈತ್ರಿ?"

ಇಂಡಿ ಕಡೆಯವರು. ಬಂದು ಮೂರು ತಿಂಗಳು.
ಅಲ್ಲಿ ರಸ್ತೆ ನೂಲು ಹಿಡಿದಂತೆ ಹೋಗುತ್ತದಂತೆ,
ಎದುರಿನ ಲಾರಿ ಜೋಳದ ಹೊಲದಾಚೆಯಿಂದಲೇ ಕಾಣುತ್ತದಂತೆ.
"ವಯಸ್ಸಾಯ್ತಲ್ಲ ಮೇಡಂ" ಅಂದೆ.
ಬೇರೆ ಕಾರಣ ಬರೆಯಲು ಫಾರಮ್ಮಿನಲ್ಲಿ ಜಾಗವಿರಲಿಲ್ಲ.
ಎಡ ಶಾಕಲ್ ಬುಷ್. ಎಡ ಶಾಕು. ಎಡ ಎರಡನೇ ಪಟ್ಟೆ, ಬಿರುಕು.
ಸರಿ ಮಾಡಿಸಿ ತನ್ನಿ, ಸೋಮವಾರ.

ಮೂರ್ನಾಡಿನ ನನ್ನ ಶೆಡ್ಡಿನಲ್ಲಿ ಜ್ಯಾಕ್ ಕೊಟ್ಟು
ಚಕ್ರ ಬಿಚ್ಚಿದರೆ ಉದುರಿತು ಒಂದು ಬೊಗಸೆ ಕೆಂಪು ಮಣ್ಣು,
ಕಾಫಿ ಎಲೆಯ ನರ, ನಾಲ್ಕು ಕಾಳುಮೆಣಸು,
ಯಾರದ್ದೋ ಹಸಿರು ಬಳೆಯ ಚೂರು.
ಎಲ್ಲಾ ಎಡದಿಂದಲೇ.
ಬಲದಲ್ಲಿ ಬರೀ ಡಾಂಬರಿನ ಧೂಳು.

ಮೂವತ್ತು ವರ್ಷವಾಯಿತು ಈ ಕೆಲಸಕ್ಕೆ,
ಬುಷ್ ನೋಡಿ ಆಸಾಮಿ ಎಂಥವನೆಂದು ಹೇಳಬಲ್ಲೆ.
ನಮ್ಮ ಒಳರಸ್ತೆ ಅಂದರೆ ಒಂದೂಕಾಲು ಗಾಡಿಯ ಅಗಲ.
ತಿರುವಿನಲ್ಲಿ ಎದುರಾದರೆ ಯಾರೋ ಒಬ್ಬರು
ಎಡಚಕ್ರವನ್ನು ಡಾಂಬರಿನಿಂದ ಇಳಿಸಬೇಕು.
ಗೇಣುದ್ದ ಕುಸಿತ, ಚರಂಡಿಯ ಅಂಚು, ಧಡ್.
ದಾಟಿದವರು ಕೈ ಎತ್ತುತ್ತಾರೆ. ಕೆಲವರು ಎತ್ತುವುದಿಲ್ಲ.

ಕಾಕ ದಿನಕ್ಕೆ ಅರವತ್ತು ಸಲ ಇಳಿಯುತ್ತಾರೆ.
ಹಿಂದೆ ಕೂತ ತೋಟದ ಕೆಲಸದ ಹೆಂಗಸರು
ಒಟ್ಟಿಗೆ ವಾಲಿ, ಒಟ್ಟಿಗೆ ಬೈಯುತ್ತಾರೆ:
"ಯಾವಾಗಲೂ ನೀವೇ ಯಾಕೆ ಇಳೀಬೇಕು?"
"ಅವನಿಗೇನೋ ಅರ್ಜೆಂಟಿರಬಹುದು ಮೋಳೇ."

ಬೆಳ್ಯಪ್ಪನವರ ಜೀಪೂ ನನ್ನ ಕೈಯದೇ.
ಹನ್ನೆರಡು ವರ್ಷದ ಎಡ ಬುಷ್ಷಿನ ಮೇಲೆ
ಕಂಪನಿಯ ಅಚ್ಚು ಇನ್ನೂ ಓದಲು ಸಿಗುತ್ತದೆ.
ಪ್ರತಿ ವರ್ಷ ಒಂದೇ ಏಟಿಗೆ ಪಾಸು.
ಹಾರ್ನು ಮಾತ್ರ
ವರ್ಷಕ್ಕೆ ಎರಡು ಸಲ ಬದಲಿಸಿಕೊಡುತ್ತೇನೆ.

ಹೊಸ ಬುಷ್ ಹೊಡೆದೆ, ಪಟ್ಟೆಗಳ ನಡುವೆ ಗ್ರೀಸು ಸವರಿದೆ,
ಯು ಬೋಲ್ಟಿಗೆ ಮೈಭಾರ ಕೊಟ್ಟು ಬಿಗಿದೆ.
ನೆಟ್ಟಗೆ ನಿಂತ ಗಾಡಿ ಕಂಡು ಕಾಕನಿಗೇ ಮುಜುಗರ:
"ಬೇರೆ ಯಾರದ್ದೋ ಥರ ಇದೆಯಲ್ಲ ಮಾರಾಯ."
ಎರಡು ಸಾವಿರದ ಎಂಟುನೂರು ಅಂದೆ.
ಸಾವಿರ ಕೊಟ್ಟರು, ಉಳಿದದ್ದು ಕಾಫಿ ಕೊಯ್ಲು ಶುರುವಾದ ಮೇಲೆ.

ಸೋಮವಾರ ಪಾಸಾಯಿತು.
ಒಂದೂವರೆ ಸಲ ತಲೆದೂಗಿ ನಿಂತಿತು ಜೀಪು,
ಸಾಲ ಕೇಳಿದಾಗ ಮಾತು ಅಳೆಯುವವರ ಹಾಗೆ.
ನನಗೆ ಯಾಕೋ ಹಿಡಿಸಲಿಲ್ಲ.

ಸಂಜೆ ಹೊದ್ದೂರಿನ ಒಳರಸ್ತೆ.
ಶಬ್ದ ಕೇಳೋಣವೆಂದು ನಾನೂ ಪಕ್ಕದಲ್ಲಿ ಕೂತಿದ್ದೆ.
ಬಿದಿರುಮೆಳೆಯ ತಿರುವಿನಲ್ಲಿ ಎದುರಿಗೆ ಬಿಳಿ ಕಾರು,
ಒಳಗೆ ಮೇಡಂ ಒಬ್ಬರೇ,
ಸ್ಟೀರಿಂಗಿಗೆ ಮೂಗು ತಾಗುವಷ್ಟು ಮುಂದೆ ಬಾಗಿ.

"ಹೊಸ ಬುಷ್ಷು..." ಅಂದರು ಕಾಕ, ನನಗೋ ತಮಗೋ,
ಅನ್ನುತ್ತಲೇ ಎಡಕ್ಕೆ ಇಳಿಸಿದರು. ಧಡ್.
ಅದೇ ಹೊತ್ತಿಗೆ ಆ ಕಾರೂ
ತನ್ನ ಎಡಕ್ಕೆ ಇಳಿದುಬಿಟ್ಟಿತು. ಧಡ್.

ನೀವು ಹೋಗಿ ಅಂತ ಇಬ್ಬರೂ ಕಾದರು.
ನಡುವೆ ರಸ್ತೆ
ಯಾರಿಗೂ ಬೇಡವಾಗಿ, ಎಂದೂ ಇಲ್ಲದಷ್ಟು ಅಗಲವಾಗಿ
ಬಿದ್ದುಕೊಂಡಿತ್ತು.
ಒಂದು ಕಾಡುಕೋಳಿ
ಅವಸರವಿಲ್ಲದೆ ದಾಟಿತು.