ಟಿಕೆಟ್ಟಿಲ್ಲದವರು

ನೀರಿನ ಬಟ್ಟಲಲ್ಲಿ ಮೂರು ಕರಿ ಚುಕ್ಕಿ.
ಸಾಸಿವೆಯಲ್ಲ, ಅಷ್ಟು ದಪ್ಪವಿಲ್ಲ,
ಗಸಗಸೆಗೆ ಮಸಿ ಬಳಿದ ಹಾಗೆ.
ಸೆಕೆಂಡ್ ಶಿಫ್ಟ್ ಮುಗಿಸಿ ಆಗಷ್ಟೇ ಬಂದಿದ್ದೆ,
ಬೆರಳಿಗಿನ್ನೂ ಚಿಲ್ಲರೆಯ ವಾಸನೆ.
ಇವಳು ಬಟ್ಟಲಲ್ಲೇ ಸುತ್ತಿಕೊಂಡಿದ್ದಳು
ಮೂಗೊಂದನ್ನು ದಡಕ್ಕಿಟ್ಟು.
ಮೂರು ದಿನದಿಂದ ಹೀಗೇ.
ಸೆಕೆ ಅಂದುಕೊಂಡಿದ್ದೆ.
ಲಿಂಗರಾಜಪುರದಲ್ಲಿ ಯಾರಿಗಿಲ್ಲ ಸೆಕೆ?

ಇವಳು ನನ್ನವಳಲ್ಲ.
ಮಹಡಿಯ ಹುಡುಗ ಜೆರೋಮ್
ಎರಡು ತಿಂಗಳ ಬಾಡಿಗೆ ಉಳಿಸಿ ರಾತ್ರೋರಾತ್ರಿ ಹೋದವನು
ಗಾಜಿನ ಪೆಟ್ಟಿಗೆಯನ್ನು ನನ್ನ ಬಾಗಿಲಲ್ಲಿಟ್ಟು
ಮೇಲೊಂದು ಚೀಟಿ ಅಂಟಿಸಿದ್ದ:
ಅಕ್ಕಾ, ಕಚ್ಚುವುದಿಲ್ಲ. ಹತ್ತು ದಿನಕ್ಕೊಂದು ಇಲಿ. ಹೆಸರು ಬಿಸ್ಕತ್ತು.
ಬಿಸ್ಕತ್ತಂತೆ!
ಆಫ್ರಿಕಾ ಕಡೆಯ ಹೆಬ್ಬಾವಿನ ಜಾತಿ,
ಹೆದರಿದರೆ ಉಂಡೆಯಾಗುತ್ತಾಳೆ
ತಲೆಯನ್ನು ನಡುವೆ ಬಚ್ಚಿಟ್ಟು.
ನಾನು 'ಇವಳೇ' ಅನ್ನುತ್ತೇನೆ.
ಕಿವಿಯ ತೂತೇ ಇಲ್ಲದವಳಿಗೆ ಯಾವುದಾದರೇನು.

ಪಶುಡಾಕ್ಟರಿಗೆ ಫೋನು ಮಾಡಿದೆ.
ಮೊದಲನೆಯವರು 'ನಾಯಿ, ಬೆಕ್ಕು ಮಾತ್ರ' ಅಂದು ಇಟ್ಟರು.
ಹೆಣ್ಣೂರಿನ ಡಾಕ್ಟರಮ್ಮ ನಿಧಾನಕ್ಕೆ ಕೇಳಿದರು,
ಜ್ವರ ನನಗೇ ಬಂದ ಹಾಗೆ:
ಗದ್ದದ ಕೆಳಗಿನ ಗೆರೆ ನೋಡಿದಿರಾ? ಕಣ್ಣಿನ ಸುತ್ತ?
ಹುರುಪೆ ಎದ್ದಿದೆಯಾ?
ನುಸಿ ಇರಬಹುದು. ಇಲ್ಲದೆಯೂ ಇರಬಹುದು.
ತೆಂಗಿನ ನಾರೆಲ್ಲ ಎಸೆದು ಬಿಳಿ ಕಾಗದ ಹಾಸಿ.
ಉಗುರುಬೆಚ್ಚಗಿನ ನೀರು, ತಲೆ ಮುಳುಗಬಾರದು.
ಇರುವೆ ಪುಡಿ, ಜಿರಳೆ ಸ್ಪ್ರೇ ಮುಟ್ಟಿಸಿದಿರೋ
ನುಸಿಗಿಂತ ಮೊದಲು ಹಾವು ಹೋಗುತ್ತದೆ.
ಶನಿವಾರ ಕರೆದುಕೊಂಡು ಬನ್ನಿ.
ಹೇಗೆ ತರಲಿ, ಅಂದೆ.
ದಿಂಬಿನ ಕವರಿನಲ್ಲಿ, ಅಂದರು.

ಯಾರಿಗೂ ಹೇಳಲಿಲ್ಲ.
ಹಾವಿರುವುದು ಓನರು ಕಾಂತಿಮತಿಯಮ್ಮನಿಗೆ ಗೊತ್ತು,
ಶುಕ್ರವಾರ ಬಂದು ಗಾಜಿಗೆ ಕುಂಕುಮ ಇಟ್ಟು ಹೋಗುತ್ತಾರೆ,
ಬಾಡಿಗೆ ಕೇಳುವ ನೆಪವೂ ಆಯಿತು.
ಹಾವು ಸರಿ. ಆದರೆ
ದೇವರಿಗೆ ಹೇನು ಹತ್ತಿದೆಯೆಂದು ಹೇಗೆ ಹೇಳುವುದು?

ನಾಲ್ಕನೇ ಕ್ಲಾಸಿನಲ್ಲಿ ನನ್ನೊಬ್ಬಳನ್ನೇ
ಗೋಡೆ ಪಕ್ಕದ ಬೆಂಚಿಗೆ ಕೂರಿಸಿದ್ದರು.
ಅಮ್ಮ ಮೆಟ್ಟಿಲ ಮೇಲೆ
ಮಂಡಿಗಳ ನಡುವೆ ನನ್ನ ತಲೆ ಸಿಕ್ಕಿಸಿ
ಸೀರಣಿಗೆ ಎಳೆಯುತ್ತಾ,
ಎರಡು ಹೆಬ್ಬೆರಳುಗುರಿನ ಮಧ್ಯೆ ಟಿಕ್, ಟಿಕ್,
'ಎಲ್ಲಾ ನಿಮ್ಮಪ್ಪನ ವಂಶದ್ದು' ಎಂದು ಬೈಯುತ್ತಾ.
ಸೀಮೆಎಣ್ಣೆಯ ಉರಿ ಕಣ್ಣಿಗಿಳಿದು
ಅಳುತ್ತಿದ್ದೆನೋ, ಸುಖಪಡುತ್ತಿದ್ದೆನೋ.

ಮರುದಿನ ಬಸ್ಸಿನಲ್ಲಿ ಮೈಯೆಲ್ಲ ನವೆ.
ಕಾಲರಿನಡಿ ಏನೋ ಹರಿದಂತೆ.
ಟಿಕೆಟ್ ಮೆಷಿನ್ ಮೇಲಿನ ಧೂಳನ್ನೂ ಬಗ್ಗಿ ನೋಡಿದೆ,
ನಡೆಯುತ್ತಾ ಎಂದು.
ಹದಿನೆಂಟು ವರ್ಷದಿಂದ
ಹಿಂಬಾಗಿಲಲ್ಲಿ ತೂರಿ ನಿದ್ದೆ ನಟಿಸುವವರನ್ನು
ರೆಪ್ಪೆ ನೋಡಿಯೇ ಹಿಡಿದವಳು ನಾನು.
ಇವು ಎಲ್ಲಿ ಹತ್ತಿದವು,
ಸೊನ್ನೆ ರೂಪಾಯಿಯ ಟಿಕೆಟ್ಟೂ ಇಲ್ಲದೆ,
ಯಾವ ಹುರುಪೆಯ ಸೀಟಿನಡಿ ಕೂತಿವೆ,
ಇಳಿಯುವುದೆಲ್ಲಿ?

ಕಾವೇರಿ ನೀರು ಬಿಟ್ಟ ರಾತ್ರಿ
ಅಕ್ಕಿ ತೊಳೆಯುವ ಬೇಸನ್ನಿಗೆ ಅವಳನ್ನಿಳಿಸಿದೆ.
(ಅಕ್ಕಿಗೆ ಬೇರೆ ತಂದರಾಯಿತು.)
ಗದ್ದ ಅಂಗೈಯಲ್ಲಿ ಹಿಡಿದು ಅರ್ಧ ಗಂಟೆ ಕುಕ್ಕರುಗಾಲು.
ಮಣಿಕಟ್ಟಿನ ಮೇಲೆ ಅವಳ ನಾಲಿಗೆ,
ಇದೆಯೋ ಇಲ್ಲವೋ ಎನ್ನುವಷ್ಟು ಹಗುರ.
ಅಮ್ಮನ ಹಾಗೆ ಬೈಯಲು ನೋಡಿದೆ.
ಬರಲಿಲ್ಲ.
ಇವಳ ವಂಶ ಯಾರಿಗೆ ಗೊತ್ತು.

ಆಮೇಲೆ ಬಿಳಿ ಕರ್ಚೀಫಿನಲ್ಲಿ
ಕುತ್ತಿಗೆಯಿಂದ ಬಾಲಕ್ಕೆ, ಹುರುಪೆಯ ಓಟದ ಜೊತೆಗೇ
ಒರೆಸಿ, ಟ್ಯೂಬ್‌ಲೈಟಿನಡಿ ಹರಡಿದೆ.
ಐದು ಚುಕ್ಕಿ.
ನಡೆದರೆ ನುಸಿ. ನಡೆಯದಿದ್ದರೆ ನಾರಿನ ಪುಡಿ.
ಕನ್ನಡಕ ಹುಡುಕಿ ಹಾಕಿದೆ.
ನಾಲ್ಕು ಸುಮ್ಮನಿದ್ದವು.
ಐದನೆಯದು ಅಲುಗಿತು.
ಫ್ಯಾನಿನ ಗಾಳಿಯೋ?

ಎದ್ದು ಫ್ಯಾನ್ ಆರಿಸಿದೆ.
ಹಳೆಯ ಫ್ಯಾನು, ಬೇಗ ನಿಲ್ಲುವುದಿಲ್ಲ.
ರೆಕ್ಕೆ ಮೂರೂ ಬೇರೆ ಬೇರೆ ಕಾಣುವವರೆಗೆ ಕಾದೆವು,
ನಾನು ಉಸಿರು ಕಟ್ಟಿ,
ಅವಳು ನನ್ನ ಕೊರಳಲ್ಲಿ, ಇನ್ನೂ ಒದ್ದೆ.